ನೆಗಿದಾಲ ನುಡಿಯೂ ಅದರ ಒಡಹುಟ್ಟಿದವರೂ

ಏಷ್ಯಾ ಖಂಡದ ಭೂಪಟವನ್ನು ಹರಡಿ ಈಶಾನ್ಯದ ಅಂಚಿಗೆ ಕಣ್ಣು ಹಾಯಿಸಿದರೆ, ರಷ್ಯಾ ಚೀನಾ ದೇಶಗಳ ನಡುವೆ ಗಡಿಯಾಗಿ ಹರಿದು, ಬಳಿಕ ಉತ್ತರಕ್ಕೆ ತಿರುಗಿ, ಸಖಾಲಿನ್ ದ್ವೀಪದ ಎದುರಿನಲ್ಲಿ ಸಮುದ್ರವನ್ನು ಸೇರುವ ಆಮೂರ್ ಎಂಬ ಮಹಾನದಿಯು ಕಾಣುವುದು. ಮಂಚು ಭಾಷೆಯಲ್ಲಿ ಇದರ ಹೆಸರು ‘ಸಹಲಿಯನ್ ಉಲಾ’. ಎಂದರೆ ಕರಿಯ ಹೊಳೆ. ನಮ್ಮ ಹಿರಿಯರು ಹೆಸರಿಟ್ಟಿದ್ದರೆ ಕೃಷ್ಣೆ ಎನ್ನುತ್ತಿದ್ದರು. ಆ ಸಹಲಿಯನ್ ಶಬ್ದವೇ ರೂಪ ಕೆಟ್ಟು ಸಖಾಲಿನ್ ಎಂದಾಗಿ ದ್ವೀಪಕ್ಕೆ ಅಂಟಿಕೊಂಡಿತು.

ಈ ನದಿಯ ಕೆಳಭಾಗದಲ್ಲಿ, ಎಡದಂಡೆಯಿಂದ ಬಂದು ಕೂಡುವ ಅಮ್ಗುನ್ ಎಂಬ ಉಪನದಿಯ ತೀರದಲ್ಲಿ, ನೆಗಿದಾಲರೆಂಬ ಸಣ್ಣ ಜನಾಂಗವೊಂದು ವಾಸವಾಗಿದೆ. ಮೀನು ಹಿಡಿಯುವುದು, ಕಾಡಿನಲ್ಲಿ ಬೇಟೆಯಾಡುವುದು, ಇವೇ ಅವರ ಪೂರ್ವಿಕರ ವೃತ್ತಿಗಳು. ಶರತ್ಕಾಲದಲ್ಲಿ ಸಮುದ್ರದಿಂದ ಹೊಳೆಯನ್ನೇರಿ ಬರುವ ಮೀನನ್ನು ಸೀಳಿ ಒಣಗಿಸಿಟ್ಟುಕೊಂಡರೆ ಅದೇ ಚಳಿಗಾಲದ ಕಣಜ. ನೆಗಿದಾಲ ಎಂಬ ಹೆಸರನ್ನು ಅವರಿಗೆ ಇಟ್ಟವರು ನೆರೆಯವರಾದ ಎವೆಂಕಿಗಳು. ತೀರದವರು ಎಂದು ಅದರ ಅರ್ಥ. ತಮ್ಮನ್ನು ತಾವು ಅವರು ‘ಎಲ್ಕನ್ ಬೆಯೆ’, ಎಂದರೆ ಇಲ್ಲಿಯ ಜನ, ಎಂದು ಕರೆದುಕೊಳ್ಳುತ್ತಿದ್ದರು. ೨೦೧೦ರ ರಷ್ಯಾದೇಶದ ಜನಗಣತಿಯಲ್ಲಿ ನೆಗಿದಾಲರೆಂದು ಬರೆಯಿಸಿಕೊಂಡವರು ೫೧೩ ಮಂದಿ. ಅವರಲ್ಲಿ ತಮಗೆ ಆ ನುಡಿ ಬರುತ್ತದೆಂದು ಹೇಳಿದವರು ೧೯ ಮಂದಿ ಮಾತ್ರ. ನಮ್ಮ ಊರುಗಳಲ್ಲಿ ಒಂದು ಮದುವೆಯ ಪಂಕ್ತಿಗೆ ಕೂಡುವವರು ಇದಕ್ಕಿಂತ ಹೆಚ್ಚು.

ಈ ನುಡಿ ಒಂಟಿಯಾಗಿ ಹುಟ್ಟಿದ್ದಲ್ಲ. ಸೈಬೀರಿಯದ ಕಾಡುಗಳಿಂದ ಮಂಚೂರಿಯದವರೆಗೆ ಹಬ್ಬಿದ ತುಂಗೂಸ್ ಎಂಬ ಭಾಷಾಕುಲಕ್ಕೆ ಇದು ಸೇರಿದೆ. ಎವೆಂಕಿ, ಎವೆನ್, ನಾನಾಯ್, ಉಲ್ಚ, ಮಂಚು, ಷಿಬೆ ಮೊದಲಾದ ಹತ್ತು ಹನ್ನೆರಡು ನುಡಿಗಳು ಆ ಕುಲದ ಕೂಸುಗಳು. ರಕ್ತಸಂಬಂಧವನ್ನು ಕಂಡುಹಿಡಿಯುವುದಕ್ಕೆ ಸಂಖ್ಯಾವಾಚಕಗಳಂಥ ಸಾಕ್ಷಿ ಇನ್ನೊಂದಿಲ್ಲ. ಮೂರಕ್ಕೆ ಎವೆಂಕಿಯವನೂ ‘ಇಲನ್’ ಎನ್ನುವನು, ದೂರದ ಮಂಚುವೂ ‘ಇಲನ್’ ಎನ್ನುವನು. ಏಳಕ್ಕೆ ಇಬ್ಬರೂ ‘ನದನ್’ ಎನ್ನುವರು. ನೆಗಿದಾಲವು ಎವೆಂಕಿಗೆ ಅತ್ಯಂತ ಸಮೀಪದ್ದು. ಆದರೆ ಎವೆಂಕಿಯಲ್ಲಿ ಸ್ವರಗಳ ನಡುವೆ ಬರುವ ರ-ಕಾರವು ನೆಗಿದಾಲದಲ್ಲಿ ಯ-ಕಾರವಾಗುವುದುಂಟು. ಅಲ್ಲಿ ‘ಒರೊನ್’ ಎಂಬ ಹಿಮಸಾರಂಗವು ಇಲ್ಲಿ ‘ಒಯೊನ್’. ನಮ್ಮ ಪ್ರಾಕೃತ ವ್ಯಾಕರಣಗಳನ್ನು ಓದಿದವರಿಗೆ ಇಂಥ ವರ್ಣವಿಕಾರಗಳು ಹೊಸವಲ್ಲ.

ಪ್ರಕೃತಿಗೆ ಪ್ರತ್ಯಯಗಳನ್ನು ಒಂದರ ಹಿಂದೊಂದು ಹೊಂದಿಸುತ್ತ ಹೋಗುವುದು, ಕ್ರಿಯಾಪದವನ್ನು ವಾಕ್ಯದ ಕೊನೆಗೆ ಇಡುವುದು, ಇವು ಈ ಕುಲದ ಲಕ್ಷಣಗಳು. ಮಂಚುವಿನಲ್ಲಿ ‘ಬೋ’ ಎಂದರೆ ಮನೆ, ‘ಬೋದೆ’ ಎಂದರೆ ಮನೆಯಲ್ಲಿ. ‘ಬಿ ಬಿತ್‌ಹೆ ಹೂಲಂಬಿ’ ಎಂಬ ಮಂಚು ವಾಕ್ಯವನ್ನು ಶಬ್ದಕ್ಕೆ ಶಬ್ದವಿಟ್ಟರೆ ‘ನಾನು ಪುಸ್ತಕ ಓದುತ್ತೇನೆ’ ಎಂದೇ ಆಗುವುದು. ಒಂದು ಶಬ್ದವನ್ನೂ ಸ್ಥಾನದಿಂದ ಕದಲಿಸಬೇಕಾಗಿಲ್ಲ. ಇಷ್ಟರಿಂದಲೇ ಅವರು ನಮ್ಮ ದಾಯಾದಿಗಳೆಂದು ಯಾರೂ ಭಾವಿಸಬಾರದು. ಮುಖದ ಹೋಲಿಕೆಯಿಂದ ಆಸ್ತಿಯಲ್ಲಿ ಪಾಲು ಸಿಕ್ಕುವುದಿಲ್ಲವಷ್ಟೆ!

ಇನ್ನೊಂದು ವಿಶೇಷವುಂಟು. ‘ನಾವು’ ಎಂಬುದಕ್ಕೆ ಎವೆಂಕಿ, ಮಂಚು ಮೊದಲಾದ ಈ ನುಡಿಗಳಲ್ಲಿ ಎರಡು ಶಬ್ದಗಳಿವೆ. ಕೇಳುವವನನ್ನೂ ಸೇರಿಸಿಕೊಂಡು ಹೇಳುವಾಗ ಮಂಚುವಿನಲ್ಲಿ ‘ಮುಸೆ’, ಅವನನ್ನು ಹೊರಗಿಟ್ಟು ಹೇಳುವಾಗ ‘ಬೆ’. ನಮ್ಮ ನೆರೆಯ ತೆಲುಗಿನವರ ‘ಮನಮು’, ‘ಮೇಮು’ ಎಂಬ ಭೇದವನ್ನು ಬಲ್ಲವರಿಗೆ ಇದು ಕೂಡಲೇ ತಿಳಿಯುವುದು. ಈ ಲೇಖನದಲ್ಲಿ ನಾವು ‘ನಾವು’ ಎಂದು ಬರೆಯುತ್ತಿರುವುದು ಎರಡರಲ್ಲಿ ಯಾವುದೆಂದು ಮಂಚು ಪಂಡಿತನು ಕೇಳಿದ್ದರೆ ನಾವು ಸ್ವಲ್ಪ ತಡವರಿಸಬೇಕಾಗುತ್ತಿತ್ತು.

ಈ ಕುಲದ ಒಂದು ಶಬ್ದವಂತೂ ಲೋಕವನ್ನೆಲ್ಲ ಸುತ್ತಿದೆ. ದೇವರು ದೆವ್ವಗಳೊಡನೆ ಮಾತನಾಡಿ ರೋಗವನ್ನು ಬಿಡಿಸುವವನಿಗೆ ಪಾಶ್ಚಾತ್ಯರು ‘ಷಾಮನ್’ ಎನ್ನುವರಲ್ಲವೆ? ಅದು ಎವೆಂಕಿ ಶಬ್ದ. ರಷ್ಯನರ ಮೂಲಕ ಯೂರೋಪಿಗೆ ಹೋಯಿತು. ಇದು ಸಂಸ್ಕೃತದ ‘ಶ್ರಮಣ’ ಶಬ್ದದಿಂದ ಬೌದ್ಧರೊಡನೆ ಮಧ್ಯ ಏಷ್ಯಾದ ದಾರಿಯಾಗಿ ಅಲ್ಲಿಗೆ ತಲುಪಿತೆಂದು ಕೆಲವರು ಹೇಳಿದರು. ಇದು ಅವರ ಸ್ವಂತ ಶಬ್ದವೆಂದು ಬೇರೆ ಕೆಲವರು ಖಂಡಿಸಿದರು. ವಿವಾದ ತೀರಿಲ್ಲ. ಸಂಸ್ಕೃತವನ್ನು ಓದಿದ ನಮ್ಮಂಥವರಿಗೆ ಮೊದಲನೆಯ ಪಕ್ಷವೇ ರುಚಿಸುವುದು. ಆದುದರಿಂದಲೇ ಅದರಲ್ಲಿ ನಾವು ಹೆಚ್ಚು ಎಚ್ಚರದಿಂದಿರಬೇಕು. ಧ್ವನಿ ಹೋಲಿದೊಡನೆ ಧಾತುವನ್ನು ಹುಡುಕುವ ಚಪಲ ನಮ್ಮ ಪಂಡಿತವರ್ಗದಲ್ಲಿ ಬಹಳ.

ಆದರೂ ಆ ದೂರದ ತೀರಕ್ಕೆ ಸಂಸ್ಕೃತವು ಹೋದದ್ದು ನಿಜ. ಅಮ್ಗುನ್ ನದಿಯ ಮುಖದ ಎದುರಿಗೆ, ಆಮೂರಿನ ಬಲದಂಡೆಯಲ್ಲಿ, ತಿರ್ ಎಂಬ ಹಳ್ಳಿಯಿದೆ. ಅಲ್ಲಿಯ ಬಂಡೆಯ ಮೇಲೆ ಚೀನಾದ ಮಿಂಗ್ ಚಕ್ರವರ್ತಿಯ ಅಧಿಕಾರಿಗಳು ಒಂದು ಬೌದ್ಧ ದೇವಾಲಯವನ್ನು ಕಟ್ಟಿಸಿ ೧೪೧೩ರಲ್ಲಿ ಶಿಲಾಶಾಸನವನ್ನು ನಿಲ್ಲಿಸಿದರು. ಆ ಕಲ್ಲಿನ ಬದಿಗಳಲ್ಲಿ ಚೀನೀ, ಮಂಗೋಲ, ಟಿಬೆಟ್, ಜುರ್ಚೆನ್ ಎಂಬ ನಾಲ್ಕು ಲಿಪಿಗಳಲ್ಲಿ ಕೆತ್ತಿರುವುದು ಮಣಿಪದ್ಮ ಮಂತ್ರ! ಜುರ್ಚೆನ್ ಎಂಬುದು ತುಂಗೂಸ್ ಕುಲದ್ದೇ, ಮಂಚುವಿನ ಪೂರ್ವಜ. ಈ ಶಿಲೆಯನ್ನು ಈಗ ವ್ಲಾದಿವಸ್ತೋಕ್ ನಗರದ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ.

ಈ ಮಂಚುಗಳ ಕಥೆಯನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ. ೧೫೯೯ರಲ್ಲಿ ಅವರ ನಾಯಕನಾದ ನುರ್ಹಾಚಿಯು ಮಂಗೋಲ ಲಿಪಿಯಿಂದ ತನ್ನ ನುಡಿಗೆ ಲಿಪಿಯನ್ನು ಮಾಡಿಸಿದನು. ೧೬೪೪ರಲ್ಲಿ ಅವನ ವಂಶದವರು ಪೆಕಿಂಗಿನ ಸಿಂಹಾಸನವನ್ನೇರಿ ೧೯೧೨ರವರೆಗೆ ಚೀನಾ ದೇಶವನ್ನಾಳಿದರು. ರಾಜಪತ್ರಗಳು ಮಂಚುವಿನಲ್ಲಿ ಬರೆಯಲ್ಪಟ್ಟವು. ಚಿಯೆನ್‌ಲುಂಗ್ ಚಕ್ರವರ್ತಿಯ ಕಾಲದಲ್ಲಿ ಬೌದ್ಧರ ಧರ್ಮಗ್ರಂಥಗಳು ಮಂಚುವಿಗೆ ಭಾಷಾಂತರಗೊಂಡು ೧೦೮ ಸಂಪುಟಗಳಾದವು. ಸೇನೆ, ಭಂಡಾರ, ಲಿಪಿ, ಗ್ರಂಥರಾಶಿ, ಒಂದು ನುಡಿಗೆ ಬೇರೇನು ಬೇಕು? ಆದರೆ ಊರೂರಿನ ಪಾಳೆಯಗಳಲ್ಲಿ ನೆಲೆಸಿದ ಮಂಚು ಮನೆತನಗಳ ಮಕ್ಕಳು ಬೀದಿಯ ಚೀನೀ ಮಾತನ್ನು ಮನೆಗೆ ತಂದರು. ತಾಯಂದಿರೂ ಅದರಲ್ಲಿಯೇ ಉತ್ತರ ಕೊಡುತ್ತ ಬಂದರು. ಅದೇ ಚಕ್ರವರ್ತಿಯು ತನ್ನವರು ತಾಯ್ನುಡಿಯನ್ನು ಮರೆಯುತ್ತಿರುವರೆಂದು ಮತ್ತೆ ಮತ್ತೆ ಆಜ್ಞಾಪತ್ರಗಳಲ್ಲಿ ಗದರಿಸಿದನು. ಫಲವಾಗಲಿಲ್ಲ. ಇಂದು ಚೀನಾದಲ್ಲಿ ಮಂಚುಗಳೆನಿಸಿಕೊಳ್ಳುವವರು ಒಂದು ಕೋಟಿಗೆ ಮೇಲ್ಪಟ್ಟಿದ್ದಾರೆ. ಹುಟ್ಟಿದಂದಿನಿಂದ ಅದನ್ನಾಡಿದವರೋ, ಸಾನ್‌ಜಿಯಾಜಿ ಮುಂತಾದ ಹಳ್ಳಿಗಳ ಕೆಲವು ಮುದುಕರು.

ಇದೇ ಚಕ್ರವರ್ತಿಯು ೧೭೬೪ರಲ್ಲಿ ಮಂಚೂರಿಯದ ಷಿಬೆ ಎಂಬ ಪಂಗಡದ ಸುಮಾರು ಸಾವಿರ ಸಿಪಾಯಿಗಳನ್ನು, ಹೆಂಡಿರು ಮಕ್ಕಳೊಡನೆ, ರಾಜ್ಯದ ಇನ್ನೊಂದು ತುದಿಯಾದ ಇಲಿ ನದಿಯ ಗಡಿಗೆ ಕಾವಲಿಗಾಗಿ ಕಳುಹಿಸಿದನು. ಷಿಬೆಗಳ ಮಾತು ಮಂಚುವಿಗೆ ಎಷ್ಟು ಹತ್ತಿರವೆಂದರೆ ಅದನ್ನು ಅದರ ಉಪಭಾಷೆಯೆಂದೇ ಅನೇಕರು ಎಣಿಸುವರು. ಹೀಗೆ ಗಡೀಪಾರಾದಂತೆ ಹೋದವರು ಅಲ್ಲಿ ತಮ್ಮತಮ್ಮೊಳಗೇ ಕೂಡಿ ಬಾಳಿದರು, ಮನೆಯೊಳಗೆ ತಮ್ಮ ಮಾತನ್ನೇ ಆಡಿದರು. ೧೯೪೬ರಲ್ಲಿ ಆ ಭಾಷೆಯ ವೃತ್ತಪತ್ರಿಕೆಯೂ ಅಲ್ಲಿ ಹುಟ್ಟಿತು. ಆ ಪ್ರಾಂತದಲ್ಲಿ ಈಗಲೂ ಸಾವಿರಾರು ಮಂದಿ ಷಿಬೆಯನ್ನಾಡುವರು, ಕಿರಿಯರು ಚೀನೀ ಮಾತಿನ ಕಡೆಗೆ ಒಲೆಯುತ್ತಿದ್ದರೂ. ತವರುನಾಡಿನಲ್ಲಿಯೇ ಉಳಿದ ಷಿಬೆಗಳಾದರೋ ತಮ್ಮ ನುಡಿಯನ್ನು ಕಳೆದುಕೊಂಡರು! ಸಿಂಹಾಸನದ ಬಳಿ ಸತ್ತ ಮಾತು ಗಡಿಯ ಕಾವಲುಮನೆಯ ಒಲೆಯ ಬಳಿ ಬದುಕಿತು.

ನೆಗಿದಾಲರಿಗೆ ಸಿಂಹಾಸನವೂ ಇರಲಿಲ್ಲ, ಕಾವಲುಮನೆಯೂ ಇರಲಿಲ್ಲ. ಮೂವತ್ತರ ದಶಕದಲ್ಲಿ ಸೋವಿಯೆತ್ ಸರ್ಕಾರವು ಉತ್ತರದ ಅನೇಕ ಜನಾಂಗಗಳಿಗೆ ಅಕ್ಷರಮಾಲೆಗಳನ್ನೂ ಪಾಠಪುಸ್ತಕಗಳನ್ನೂ ಮಾಡಿಸಿಕೊಟ್ಟಿತು. ಎವೆಂಕಿಗೂ ನಾನಾಯಿಗೂ ದೊರೆತ ಆ ಭಾಗ್ಯ ನೆಗಿದಾಲಕ್ಕೆ ಬರಲಿಲ್ಲ. ಮೀನುಗಾರರು ಸಾಮೂಹಿಕ ವ್ಯವಸ್ಥೆಗೆ ಸೇರಿದರು. ಚಿಕ್ಕ ಹಳ್ಳಿಗಳನ್ನು ಮುಚ್ಚಿ ದೊಡ್ಡ ಹಳ್ಳಿಗಳಲ್ಲಿ ಕೂಡಿಸಿದರು. ಅಲ್ಲಿ ರಷ್ಯನರೂ ಇತರರೂ ಹೆಚ್ಚಾಗಿದ್ದರು. ಮಕ್ಕಳು ವಸತಿಶಾಲೆಗಳಿಗೆ ಹೋದರು. ಅಲ್ಲಿ ಎಲ್ಲವೂ ರಷ್ಯನ್. ಮನೆಗೆ ಬಂದ ಮಗುವು ಅಜ್ಜಿಯ ಮಾತಿಗೆ ರಷ್ಯನಿನಲ್ಲಿ ಉತ್ತರ ಕೊಟ್ಟಿತು. ಜೀವಮಾನವನ್ನೆಲ್ಲ ಶಾಲೆಯಲ್ಲಿ ಕಳೆದ ನಮಗೆ ಇದನ್ನು ಬರೆಯುವುದು ಸುಖದ ಕೆಲಸವಲ್ಲ. ಆ ಉಪಾಧ್ಯಾಯರಲ್ಲಿ ಎಷ್ಟೋ ಮಂದಿ ಮಕ್ಕಳಿಗೆ ಒಳ್ಳೆಯದನ್ನೇ ಬಯಸಿದ್ದಿರಬೇಕು.

ನೆಗಿದಾಲಕ್ಕೆ ಎರಡು ಪ್ರಭೇದಗಳಿದ್ದವು. ಆಮೂರಿನ ಕಡೆಯ ಕೆಳನಾಡಿನ ಮಾತು ಮುಗಿದೇ ಹೋಯಿತು. ಅಮ್ಗುನಿನ ಮೇಲ್ಭಾಗದಲ್ಲಿ, ವ್ಲಾದಿಮಿರೋವ್ಕ ಎಂಬ ಹಳ್ಳಿಯ ಸುತ್ತ ಉಳಿದ ಮೇಲುನಾಡಿನ ಮಾತನ್ನು ಸರಾಗವಾಗಿ ಆಡಬಲ್ಲವರನ್ನು ಬೆರಳುಗಳಲ್ಲಿ ಎಣಿಸಬಹುದು, ಎಲ್ಲರೂ ವೃದ್ಧರು.

ಲ್ಯಾಟ್ವಿಯ ದೇಶದ ಷ್ಮಿತ್ ಎಂಬ ಪಂಡಿತನು ಈ ನುಡಿಯ ವಿಷಯವಾಗಿ ೧೯೨೩ರಲ್ಲಿ ರೀಗಾ ನಗರದಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ವೇರಾ ಸಿನ್‌ಸಿಯಸ್ ಎಂಬ ವಿದುಷಿಯು ತುಂಗೂಸ್ ಭಾಷೆಗಳ ತೌಲನಿಕ ನಿಘಂಟಿನ ಎರಡು ಸಂಪುಟಗಳನ್ನು ೧೯೭೫-೭೭ರಲ್ಲಿ ಸಿದ್ಧಪಡಿಸಿದ ಮೇಲೆ, ೧೯೮೨ರಲ್ಲಿ ನೆಗಿದಾಲವನ್ನು ಕುರಿತೇ ಒಂದು ಪುಸ್ತಕವನ್ನು ಹೊರತಂದಳು. ಖಸಾನೋವಾ ಮತ್ತು ಪೆವ್ನೋವ್ ಎಂಬವರು ಸಂಗ್ರಹಿಸಿದ ನೆಗಿದಾಲ ಕಥೆಗಳು ೨೦೦೩ರಲ್ಲಿ ಜಪಾನಿನಲ್ಲಿ ಅಚ್ಚಾದವು. ಅದರ ಮೇಲೂ ಪಂಡಿತರು ಆ ಹಳ್ಳಿಗಳಿಗೆ ಹೋಗಿ, ಮುದುಕಿಯರ ಎದುರಿನಲ್ಲಿ ಯಂತ್ರವನ್ನಿಟ್ಟು ಅವರ ಧ್ವನಿಯನ್ನು ಹಿಡಿದಿಟ್ಟಿದ್ದಾರೆ. ಆ ಮುದುಕಿಯರು ಹೇಳಿದ ಕಥೆಗಳ ಅರ್ಥವನ್ನು ತಿಳಿಯಬೇಕಾದರೆ ಈಗ ಅವರ ಮೊಮ್ಮಕ್ಕಳು ಕೆಳಗೆ ಬರೆದಿರುವ ರಷ್ಯನ್ ಅನುವಾದವನ್ನು ಓದಬೇಕು.