ಲಿಂಬೆಯಷ್ಟು ಚೆಂಡು, ಒಂದೇ ಏಟಿನ ಅಂತರ

ಇನ್ನೂರು ಗಜ ಗಾಳಿ ಸೀಳಿಕೊಂಡು ಹೋಗುವ ಹೊಡೆತಕ್ಕೂ ಒಂದೇ ಲೆಕ್ಕ. ಕುಳಿಯ ಅಂಚಿಗೆ ಬಂದು ನಿಂತ ಚೆಂಡನ್ನು ಗೇಣುದ್ದ ತಳ್ಳಿದರೂ ಅದೇ ಒಂದು ಲೆಕ್ಕ! ಗಾಲ್ಫಿನ ಈ ನಿಯಮ ತಲೆಗೆ ಹೊಕ್ಕ ಮೇಲೆ ನನಗೆ ಆ ಆಟದ ಗುಂಗು ಬಿಟ್ಟೇ ಇಲ್ಲ.

ವಿಜಯಪುರ ಜಿಲ್ಲೆಯವರಾದ ನಮಗೆ ಕುಸ್ತಿ, ಕಬಡ್ಡಿ, ಸೈಕಲ್ ರೇಸು, ಹೀಗೆ ಮೈಬಲ ಕಣ್ಣಿಗೆ ಕಾಣಬೇಕು, ಬೆವರು ಇಳಿಯಬೇಕು, ಅಂದರೇ ಆಟ. ಸಿಂದಗಿಯಲ್ಲೋ ಮುದ್ದೇಬಿಹಾಳದಲ್ಲೋ ಬಸವನ ಬಾಗೇವಾಡಿಯ ಚಹಾದಂಗಡಿಯಲ್ಲೋ ಗಾಲ್ಫ್ ಅನ್ನಿ, ಸಿನಿಮಾದ ಸಾವ್ಕಾರರ ಆಟ ಅಂತ ನಕ್ಕಾರು. ಆದರೆ ಆ ಚೆಂಡನ್ನು ಒಮ್ಮೆ ಅಂಗೈಯಲ್ಲಿಟ್ಟು ನೋಡಬೇಕು. 42.67 ಮಿಲಿಮೀಟರ್ ಅಡ್ಡಳತೆ, 46 ಗ್ರಾಂಗೆ ತುಸು ಕಡಿಮೆ ತೂಕ. ಥೇಟ್ ನಮ್ಮ ಇಂಡಿ ತಾಲ್ಲೂಕಿನ ಲಿಂಬೆಹಣ್ಣು! ಅದನ್ನು ಸುಮಾರು ಆರು ಕಿಲೋಮೀಟರ್ ದಾರಿಯುದ್ದಕ್ಕೂ ಹೊಡೆಯುತ್ತ, ಮರ ಮರಳು ನೀರು ಎಲ್ಲ ತಪ್ಪಿಸುತ್ತ, 108 ಮಿಲಿಮೀಟರ್ ಅಗಲದ 18 ಕುಳಿಗಳಿಗೆ ಎಪ್ಪತ್ತರ ಆಚೀಚಿನ ಏಟುಗಳಲ್ಲಿ ಇಳಿಸಬೇಕು. ಮರುದಿನ ಮತ್ತೆ ಮೊದಲಿಂದ. ಹೀಗೆ ನಾಲ್ಕು ದಿನ!

2021ರ ಆಗಸ್ಟ್ 7, ಶನಿವಾರ. ಬೆಳಕು ಹರಿಯುವ ಮುಂಚೆಯೇ ದೇಶದ ಲಕ್ಷಾಂತರ ಜನ, ‘ಬರ್ಡಿ’ ಅಂದರೇನು ‘ಪಾರ್’ ಅಂದರೇನು ಗೊತ್ತಿಲ್ಲದವರೆಲ್ಲ, ಟಿವಿ ಮುಂದೆ ಕೂತಿದ್ದರು. ಟೋಕಿಯೊ ಒಲಿಂಪಿಕ್ಸ್, ಕಸುಮಿಗಸೆಕಿ ಮೈದಾನ. ಮೂರು ಸುತ್ತು ಮುಗಿದಾಗ 67, 66, 68 ಏಟುಗಳ ಲೆಕ್ಕದೊಂದಿಗೆ ಒಬ್ಬಳೇ ಎರಡನೇ ಸ್ಥಾನದಲ್ಲಿ ನಿಂತಿದ್ದವಳು ಬೆಂಗಳೂರಿನ ಅದಿತಿ ಅಶೋಕ್. ವಿಶ್ವ ರ‍್ಯಾಂಕಿಂಗ್‌ನಲ್ಲಿ 200ನೆಯವಳು! ಅವಳ ಮುಂದಿದ್ದವಳು ವಿಶ್ವದ ನಂಬರ್ ಒನ್, ಅಮೆರಿಕದ ನೆಲ್ಲಿ ಕೊರ್ಡಾ. ಇಬ್ಬರೂ ಹುಟ್ಟಿದ್ದು 1998ರಲ್ಲಿ. ನೆಲ್ಲಿಯ ಅಪ್ಪ ಪೀಟರ್ ಕೊರ್ಡಾ ಆಸ್ಟ್ರೇಲಿಯನ್ ಓಪನ್ ಟೆನಿಸ್ ಗೆದ್ದದ್ದೂ ಅದೇ ವರ್ಷ. ಅತ್ತ ಗ್ರ್ಯಾಂಡ್‌ಸ್ಲಾಮ್ ಮನೆತನ, ಇತ್ತ ಅದಿತಿಗೆ ಮುಂಚೆ ಗಾಲ್ಫ್ ಕೋಲನ್ನೇ ಹಿಡಿದವರಿಲ್ಲದ ಮನೆ!

ಇನ್ನೂ ಬೆರಗು ಬೇಕೇ? ಆ ಕೂಟಕ್ಕೆ ಕೆಲವೇ ವಾರ ಮೊದಲು ಅದಿತಿಗೆ ಕೋವಿಡ್ ಬಂದು ಹೋಗಿತ್ತು, ತೋಳಿನ ಕಸುವು ಇಳಿದಿತ್ತು. ಕಣದಲ್ಲಿದ್ದ 60 ಮಂದಿಯಲ್ಲಿ ಚೆಂಡನ್ನು ದೂರ ಕಳಿಸುವ ಲೆಕ್ಕದಲ್ಲಿ ಆಕೆ ಬಹುತೇಕ ಬಾಲದ ತುದಿ. ನೆಲ್ಲಿಯ ಚೆಂಡು ಎಲ್ಲೋ ಮುಂದೆ ಬಿದ್ದಿರುತ್ತಿತ್ತು, ಈಕೆಯದು ತೀರಾ ಹಿಂದೆ. ಎರಡನೇ ಏಟಿಗೆ ಎದುರಾಳಿ ಚಿಕ್ಕ ಕೋಲು ಎತ್ತಿಕೊಂಡರೆ ಈಕೆ ಉದ್ದ ಕೋಲಿಗೆ ಕೈ ಹಾಕಬೇಕು. ಆದರೂ ಹುಲ್ಲು ನುಣ್ಣಗೆ ಕತ್ತರಿಸಿದ ಹಸಿರು ಅಂಗಳಕ್ಕೆ ಬಂದಳೆಂದರೆ ಮುಗಿಯಿತು! ಕೂತು ಇಳಿಜಾರು ಅಳೆದು, ಎದ್ದು, ಪಟರ್ ಎಂಬ ಕೋಲು ಹಿಡಿದು ಮೆಲ್ಲಗೆ ಸವರಿದರೆ ಚೆಂಡು ಬಳುಕಿ ಕುಳಿಗೇ ಹೋಗಿ ಬೀಳುತ್ತಿತ್ತು. ತೋಳು ಕಳೆದುಕೊಂಡದ್ದನ್ನು ಮಣಿಕಟ್ಟು ಅಲ್ಲಿ ಬಡ್ಡಿಸಮೇತ ವಸೂಲಿ ಮಾಡುತ್ತಿತ್ತು. ಗೇಣಿಗೂ ಗಜಕ್ಕೂ ಒಂದೇ ಲೆಕ್ಕವಿರುವ ಆಟದಲ್ಲಿ ಬಡಕಲು ಮೈಯವಳೊಬ್ಬಳು ದೈತ್ಯೆಯರ ಸರಿಸಮ ನಿಲ್ಲುವ ದಾರಿ ಅದೊಂದೇ, ಆ ದಾರಿಯನ್ನು ಅವಳು ಚಿಕ್ಕಂದಿನಲ್ಲೇ ಕಂಡುಕೊಂಡಿದ್ದಳು. ಅವಳ ಚೀಲ ಹೊತ್ತು ಪಕ್ಕದಲ್ಲಿ ನಡೆಯುತ್ತಿದ್ದವರು ಯಾರು? ಹೆತ್ತತಾಯಿ ಮಹೇಶ್ವರಿ!

ಬಿರುಗಾಳಿಯ ಭಯವಿತ್ತು. ಕೊನೆಯ ಸುತ್ತು ರದ್ದಾಗಿದ್ದರೆ ಬೆಳ್ಳಿ ಕೈಗೆ ಬಂದಂತೆಯೇ. ಮಳೆ ಬಂತು, ಆಟ ನಿಂತಿತು, ಮತ್ತೆ ಶುರುವಾಯಿತು. ಕೊನೆಯ ಕುಳಿಯಲ್ಲಿ ಅದಿತಿಯ ಉದ್ದನೆಯ ಪಟ್ ಕುಳಿಯನ್ನು ತಪ್ಪಿಸಿಕೊಂಡು ಸರಿದುಹೋಯಿತು. ಕೊರ್ಡಾ 267, ಜಪಾನಿನ ಮೋನೆ ಇನಾಮಿ ಮತ್ತು ನ್ಯೂಜಿಲೆಂಡಿನ ಲಿಡಿಯಾ ಕೋ 268, ಅದಿತಿ 269. ನಾಲ್ಕನೇ ಸ್ಥಾನ. ಅದೇ ಸಂಜೆ ನೀರಜ್ ಚೋಪ್ರಾ ಭರ್ಜಿ ಎಸೆದು ಚಿನ್ನ ಗೆದ್ದ, ದೇಶ ಬೆಳಗಿನದನ್ನು ಮರೆತೇಬಿಟ್ಟಿತು. ನನಗೆ ಮಾತ್ರ ಬೆಳಗಿನದೇ ಹೆಚ್ಚು. ಅಪರಾಧವೇನಲ್ಲವಲ್ಲ!

ಈ ಕಥೆಯ ಬೇರು ಒಂದು ತಿಂಡಿಯ ಮೇಜಿನಲ್ಲಿದೆ. ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ ಕಾಣುವ ಹೋಟೆಲೊಂದರಲ್ಲಿ ಅಪ್ಪ ಅಮ್ಮನ ಜೊತೆ ತಿಂಡಿಗೆ ಬಂದಿದ್ದ ಐದು ವರ್ಷದ ಕೂಸು ಆಚೆಯ ಚಪ್ಪಾಳೆ ಕೇಳಿ, ನಾನೂ ಹೋಗಬೇಕು ಅಂದಿತು. ಹೋದದ್ದು ಮಗಳೊಬ್ಬಳೇ ಅಲ್ಲ, ಅಪ್ಪ ಅಮ್ಮನೂ ಕಲಿಯಲು ಹೋದರು! 2011ರಲ್ಲಿ ರಾಜ್ಯ ಜೂನಿಯರ್ ಪ್ರಶಸ್ತಿ, ಮುಂದೆ ಸತತ ಮೂರು ವರ್ಷ ರಾಷ್ಟ್ರೀಯ ಜೂನಿಯರ್. 2016ರ ಹೊಸವರ್ಷಕ್ಕೆ ವೃತ್ತಿಪರ ಆಟಗಾರ್ತಿ. ಅದೇ ವರ್ಷ ಹದಿನೆಂಟಕ್ಕೇ ರಿಯೊ ಒಲಿಂಪಿಕ್ಸ್, ಅಲ್ಲಿ ಚೀಲ ಹೊತ್ತವರು ಅಪ್ಪ ಅಶೋಕ್. ನವೆಂಬರಿನಲ್ಲಿ ಇಂಡಿಯನ್ ಓಪನ್, ಬೆನ್ನಿಗೇ ಕತಾರ್ ಓಪನ್.

2017ರಿಂದ ಅಮೆರಿಕ. 1950ರಲ್ಲಿ 13 ಮಂದಿ ಹೆಂಗಸರು ಕಟ್ಟಿದ ಎಲ್‌ಪಿಜಿಎ ಪ್ರವಾಸಿ ಕೂಟದಲ್ಲಿ ವಾರಕ್ಕೊಂದು ಊರು, ಊರಿಗೊಂದು ಹುಲ್ಲು. ಇದನ್ನೆಲ್ಲ ಓದಿ ತಿಳಿಯುವಾಗ ಸಿಕ್ಕ ಒಂದು ಸಂಗತಿ ಹೇಳದೇ ಮುಂದೆ ಹೋಗಲಾರೆ. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಗಾಲ್ಫ್ ರಿಯೊಗೆ ಮೊದಲು ನಡೆದದ್ದು ಒಂದೇ ಸಲ, 1900ರ ಪ್ಯಾರಿಸ್ಸಿನಲ್ಲಿ. ಒಂಬತ್ತು ಕುಳಿ, 47 ಏಟು, ಗೆದ್ದವಳು ಅಮೆರಿಕದ ಮಾರ್ಗರೆಟ್ ಅಬಟ್. ಹುಟ್ಟಿದ್ದು ಎಲ್ಲಿ ಗೊತ್ತೇ? ನಮ್ಮ ಕಲ್ಕತ್ತೆಯಲ್ಲಿ! ಅದೇ ಪಂದ್ಯದಲ್ಲಿ ಅವಳ ತಾಯಿಯೂ ಆಡಿದ್ದಳು. ಬಹುಮಾನವಾಗಿ ಪಿಂಗಾಣಿ ಬಟ್ಟಲು ಸಿಕ್ಕಿತು. ತಾನು ಆಡಿದ್ದು ಒಲಿಂಪಿಕ್ಸ್ ಎಂಬುದು ತಿಳಿಯದೆಯೇ ಮಾರ್ಗರೆಟ್ 1955ರಲ್ಲಿ ತೀರಿಕೊಂಡಳು.

ಅದಿತಿಯ 2023 ಇದಕ್ಕಿಂತ ಕಡಿಮೆ ವಿಚಿತ್ರವಲ್ಲ. ಫೆಬ್ರವರಿಯಲ್ಲಿ ಕೆನ್ಯಾ ಓಪನ್ನನ್ನು ಒಂಬತ್ತು ಏಟುಗಳ ಅಂತರದಿಂದ ಗೆದ್ದಳು. ಏಪ್ರಿಲ್ ಕೊನೆಗೆ ಲಾಸ್ ಏಂಜಲೀಸಿನಲ್ಲಿ ಕೊನೆಯ ಕುಳಿಗೆ ಬರ್ಡಿ (ನಿಗದಿಗಿಂತ ಒಂದು ಏಟು ಕಡಿಮೆ) ಹೊಡೆದು, ಸಮಬಲ ಮುರಿಯುವ ಮೂವರ ಪ್ಲೇಆಫ್‌ಗೆ ನುಗ್ಗಿದಳು, ಗೆದ್ದದ್ದು ಮಾತ್ರ ಆಸ್ಟ್ರೇಲಿಯಾದ ಹ್ಯಾನಾ ಗ್ರೀನ್. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಮೂರನೇ ದಿನ 61 ಏಟು, ಹೌದು, ಅರವತ್ತೊಂದು! ಏಳು ಏಟುಗಳ ಮುನ್ನಡೆ. ಮರುದಿನ, ಅಕ್ಟೋಬರ್ 1ರಂದು, ಅದೇ ಕೈಗಳು ಅದೇ ಮೈದಾನದಲ್ಲಿ 77 ಏಟು ತೆಗೆದುಕೊಂಡವು. ಚಿನ್ನ ಥಾಯ್ಲೆಂಡಿಗೆ ಹೋಯಿತು. ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಭಾರತದ ಹೆಣ್ಣೊಬ್ಬಳಿಗೆ ಸಿಕ್ಕ ಮೊದಲ ಪದಕವಾಗಿ ಬೆಳ್ಳಿ ಬಂತು. ಹದಿನಾರು ಏಟು ಒಂದೇ ರಾತ್ರಿಯಲ್ಲಿ ಎಲ್ಲಿಂದ ಬಂದವು? ಎಷ್ಟು ಯೋಚಿಸಿದರೂ ನನಗೆ ಹೊಳೆದಿಲ್ಲ. ಎರಡು ತಿಂಗಳು ತುಂಬುವ ಮೊದಲೇ, ನವೆಂಬರಿನಲ್ಲಿ, ಅವಳು ಸ್ಪ್ಯಾನಿಷ್ ಓಪನ್ ಗೆದ್ದಿದ್ದಳು.