ಅಂಗಡಿ ತಾರಸಿಗೆ ಸೋಲಾರ್: ಲೆಕ್ಕ ಮೊದಲು, ಅಡ್ವಾನ್ಸ್ ಆಮೇಲೆ

ಮನೆಯ ಕರೆಂಟ್ ಬಿಲ್ ಬಂದರೆ ಈಗ ಅಷ್ಟಾಗಿ ಯಾರೂ ಗಾಬರಿಯಾಗುವುದಿಲ್ಲ. 2023ರಲ್ಲಿ ಗೃಹಜ್ಯೋತಿ ಶುರುವಾದ ಮೇಲೆ ಎಷ್ಟೋ ಮನೆಗಳ ಬಿಲ್ಲಿನಲ್ಲಿ ಸೊನ್ನೆ ಕಾಣಿಸುತ್ತಿದೆ. ಆದರೆ ಮನೆಯ ಕೆಳಗಿನ ಮಳಿಗೆಯಲ್ಲಿ ಟೈಲರಿಂಗ್, ಬ್ಯೂಟಿ ಪಾರ್ಲರ್, ಹಿಟ್ಟಿನ ಗಿರಣಿ, ಚಕ್ಕುಲಿ-ಕೋಡುಬಳೆ ವ್ಯಾಪಾರ ಅಂತ ಏನಾದರೊಂದು ನಡೆಸುತ್ತಿರುವ ಗೃಹಿಣಿಯರನ್ನು ಕೇಳಿ ನೋಡಿ. ಆ ಸೊನ್ನೆ ಅಂಗಡಿ ಮೀಟರಿಗೆ ಬರುವುದೇ ಇಲ್ಲ. ಅದಕ್ಕೆ ವಾಣಿಜ್ಯ ದರ, ಜೊತೆಗೆ ಕಿಲೋವ್ಯಾಟ್ ಲೆಕ್ಕದಲ್ಲಿ ನಿಗದಿತ ಶುಲ್ಕ. ಬಾಡಿಗೆ, ಹುಡುಗಿಯರ ಸಂಬಳ, ಕರೆಂಟ್ ಎಲ್ಲ ಕಳೆದು ಕೈಗೆ ಉಳಿಯುವುದು ಎಷ್ಟು ಅಂತ ಅವರಿಗೇ ಗೊತ್ತು.

ಅಂಥ ಹೊತ್ತಿನಲ್ಲೇ ಅಲ್ಲವೇ ಬಾಗಿಲಿಗೆ ಸೋಲಾರ್ ಕಂಪನಿ ಹುಡುಗ ಬರುವುದು? ‘ಮೇಡಂ, 78 ಸಾವಿರ ಸಬ್ಸಿಡಿ ಇದೆ, ಬಿಲ್ ಝೀರೋ ಆಗುತ್ತೆ, ಇವತ್ತೇ ಅಡ್ವಾನ್ಸ್ ಕೊಟ್ಟರೆ ಆಫರ್’ ಅಂತಾನೆ. ಚೀಟಿ ದುಡ್ಡು ಕೈಯಲ್ಲಿದ್ದರೆ ಮನಸ್ಸು ಕರಗುವುದು ಸಹಜ. ಸ್ವಲ್ಪ ತಾಳಿ.

ಆ 78 ಸಾವಿರದ ಸಬ್ಸಿಡಿ ನಿಜ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯದು. 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟ್‌ಗೆ 30 ಸಾವಿರ, 3 ಕಿಲೋವ್ಯಾಟ್ ಮತ್ತು ಅದಕ್ಕೂ ಮೇಲ್ಪಟ್ಟರೆ ಗರಿಷ್ಠ 78 ಸಾವಿರ. ಆದರೆ ಅದು ವಾಸದ ಮನೆಗೆ ಮಾತ್ರ. ಅಂಗಡಿ ಮೀಟರಿಗೆ ಒಂದು ಪೈಸೆಯೂ ಇಲ್ಲ! ‘ಮನೆ ಮೀಟರಿನಲ್ಲೇ ಹಾಕಿಸಿ, ಅಂಗಡಿಗೆ ವೈರ್ ಎಳೆದುಕೊಳ್ಳಿ, ಯಾರು ನೋಡ್ತಾರೆ’ ಅಂತ ಬುದ್ಧಿ ಹೇಳುವವರೂ ಇದ್ದಾರೆ. ದಯವಿಟ್ಟು ಬೇಡ. ಮನೆಗೆ ಅಂತ ಪಡೆದ ಕರೆಂಟನ್ನು ವ್ಯಾಪಾರಕ್ಕೆ ಬಳಸಿದ್ದು ಸಿಕ್ಕಿಬಿದ್ದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ಎರಡು ಪಟ್ಟು ದರದಲ್ಲಿ ಹಿಂದಿನ ಬಾಕಿ ಹಾಕುತ್ತಾರೆ. ಉಳಿಸಲು ಹೋದದ್ದು ದಂಡಕ್ಕೆ ಹೋಗುತ್ತದೆ.

ಇನ್ನೊಂದು ಗೊಂದಲ. ನಮ್ಮ ಕಡೆ ‘ಸೋಲಾರ್’ ಅಂದರೆ ಇವತ್ತಿಗೂ ಸ್ನಾನದ ಬಿಸಿನೀರು ಅಂತಲೇ ಅರ್ಥ. ಅದೇ ಬೇರೆ, ಇದೇ ಬೇರೆ. ಇದರಲ್ಲಿ ಗಾಜಿನ ಹಲಗೆಗಳು ಬಿಸಿಲನ್ನು ನೇರವಾಗಿ ಕರೆಂಟ್ ಮಾಡುತ್ತವೆ, ಇನ್ವರ್ಟರ್ ಅದನ್ನು ನಮ್ಮ ಮಿಷನ್ನು, ಫ್ಯಾನು ಓಡುವ ಕರೆಂಟಾಗಿ ಬದಲಿಸುತ್ತದೆ. ಪಾವಗಡದಲ್ಲಿ 13 ಸಾವಿರ ಎಕರೆಯಷ್ಟು ಜಾಗದಲ್ಲಿ ಹರಡಿಕೊಂಡಿದೆಯಲ್ಲ ಸೋಲಾರ್ ಪಾರ್ಕ್, ಅಲ್ಲಿರುವುದೂ ಇದೇ.

ಐದು ಮಿಷನ್ನಿನ ಲೆಕ್ಕ

ಟೈಲರಿಂಗ್ ಘಟಕವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಐದು ಪವರ್ ಮಿಷನ್, ಒಂದು ಇಸ್ತ್ರಿ ಪೆಟ್ಟಿಗೆ, ನಾಲ್ಕು ಫ್ಯಾನು, ಟ್ಯೂಬ್‌ಲೈಟುಗಳು. ಕೆಲಸವೆಲ್ಲ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ. ಸೋಲಾರ್‌ಗೆ ಇದಕ್ಕಿಂತ ಒಳ್ಳೆ ಜೋಡಿ ಇಲ್ಲ, ಏಕೆಂದರೆ ಬಿಸಿಲು ಇರುವಾಗಲೇ ಕರೆಂಟಿನ ಖರ್ಚೂ ಇರುತ್ತದೆ. ಸಂಜೆ ಆರರ ಮೇಲೆ ಗಿರಾಕಿ ಬರುವ ಪಾನಿಪೂರಿ, ಚಾಟ್ಸ್ ಅಂಗಡಿಯವರಿಗೆ ಈ ಅನುಕೂಲ ಇಲ್ಲ.

1 ಕಿಲೋವ್ಯಾಟ್ ಪ್ಯಾನೆಲ್‌ಗಳು ನಮ್ಮ ರಾಜ್ಯದಲ್ಲಿ ವರ್ಷದ ಸರಾಸರಿಗೆ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತವೆ. 3 ಕಿಲೋವ್ಯಾಟ್ ಅಂದರೆ ದಿನಕ್ಕೆ 12, ತಿಂಗಳಿಗೆ 360 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಅಂತ ಹಿಡಿದರೆ 2,520 ರೂಪಾಯಿ ಉಳಿತಾಯ. ಹಾಕಿಸಲು ಕಿಲೋವ್ಯಾಟ್‌ಗೆ 60 ಸಾವಿರ ಅಂತ ಇಟ್ಟುಕೊಳ್ಳಿ, ಒಟ್ಟು 1 ಲಕ್ಷ 80 ಸಾವಿರ. ಭಾಗಿಸಿದರೆ ಹಾಕಿದ ಹಣ ವಾಪಸ್ ಬರಲು ಹೆಚ್ಚೂಕಡಿಮೆ ಆರು ವರ್ಷ. ಪ್ಯಾನೆಲ್ ಬಾಳಿಕೆ 25 ವರ್ಷ ಅಂತಾರೆ, ಹಾಗಾಗಿ ಆಮೇಲಿನದು ಲಾಭ. ನಡುವೆ ಒಂದೆರಡು ಸಲ ಇನ್ವರ್ಟರ್ ಬದಲಿಸುವ ಖರ್ಚು ಬರುತ್ತದೆ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಆರು ವರ್ಷ ಅನ್ನುವುದು ಕೈಯಲ್ಲಿ ದುಡ್ಡು ಇದ್ದವರ ಲೆಕ್ಕ. ಸಾಲ ಮಾಡಿದರೆ? 1 ಲಕ್ಷ 80 ಸಾವಿರಕ್ಕೆ ಶೇ 10ರ ಬಡ್ಡಿ, ಐದು ವರ್ಷದ ಅವಧಿ ಅಂದರೆ ತಿಂಗಳ ಕಂತು ಸುಮಾರು 3,800 ರೂಪಾಯಿ. ಉಳಿಯುವುದು 2,520, ಕಟ್ಟುವುದು 3,800! ಅಂದರೆ ಐದು ವರ್ಷ ಪ್ರತಿ ತಿಂಗಳೂ ಸಾವಿರದ ಮುನ್ನೂರು ರೂಪಾಯಿಯನ್ನು ನಿಮ್ಮ ಗಲ್ಲಾಪೆಟ್ಟಿಗೆಯಿಂದಲೇ ಹಾಕಬೇಕು. ‘ಕಂತು ತಾನಾಗೇ ಕಟ್ಟಿಕೊಳ್ಳುತ್ತೆ’ ಅನ್ನುವ ಮಾತಿಗೆ ಮರುಳಾಗಬೇಡಿ. ಆ ಹೆಚ್ಚಿನ ಮೊತ್ತವನ್ನು ಆಷಾಢದಲ್ಲೂ ಕಟ್ಟಬಲ್ಲೆ ಅನ್ನುವ ಧೈರ್ಯ ಇದ್ದರೆ ಮಾತ್ರ ಸಾಲಕ್ಕೆ ಸಹಿ ಹಾಕಿ. ಒಡವೆ ಅಡ ಇಟ್ಟು ಮಾಡುವ ಕೆಲಸ ಇದಲ್ಲ ಅಂತ ನನಗನ್ನಿಸುತ್ತದೆ.

ಆಷಾಢ ಅಂದೆನಲ್ಲ, ಅದರಲ್ಲೊಂದು ಸ್ವಾರಸ್ಯ ಇದೆ. ಫೆಬ್ರವರಿಯಿಂದ ಮೇವರೆಗೆ ಬಿಸಿಲು ಜೋರು, ಮದುವೆ ಸೀಸನ್ನಿನ ಬ್ಲೌಸುಗಳೂ ಜೋರು. ಆಷಾಢದಲ್ಲಿ ಮೋಡವೂ ಮುಚ್ಚಿಕೊಂಡಿರುತ್ತದೆ, ಗಿರಾಕಿಯೂ ಇರುವುದಿಲ್ಲ. ಇಷ್ಟರಮಟ್ಟಿಗೆ ಸೂರ್ಯ ಟೈಲರ್‌ಗಳ ಪರ! ಕಷ್ಟ ಆಗುವುದು ಗೌರಿ-ಗಣೇಶದ ಹೊತ್ತಿಗೆ. ಕೆಲಸ ತಲೆಮೇಲಿರುತ್ತದೆ, ಬಿಸಿಲು ಮಾತ್ರ ಆಗೊಮ್ಮೆ ಈಗೊಮ್ಮೆ. ಆಗ ಬೋರ್ಡಿನ ಕರೆಂಟೇ ಗತಿ, ಆ ತಿಂಗಳುಗಳ ಬಿಲ್ ಹೆಚ್ಚೇ ಬರುತ್ತದೆ.

ಪ್ಯಾನೆಲ್ ಬಗ್ಗೆ ಯೋಚಿಸುವ ಮೊದಲು ಮಿಷನ್ನಿನ ಕೆಳಗೆ ಬಗ್ಗಿ ನೋಡಿ. ಹಳೆಯ ಕ್ಲಚ್ ಮೋಟಾರ್ ಇದ್ದರೆ ನೀವು ಪೆಡಲ್ ಒತ್ತಲಿ ಬಿಡಲಿ, ಸ್ವಿಚ್ ಹಾಕಿದ್ದಷ್ಟು ಹೊತ್ತು ಅದು ಗುಂಯ್ ಅಂತ ತಿರುಗುತ್ತಲೇ ಇರುತ್ತದೆ. ಗುಂಡಿ ಹಚ್ಚುವಾಗಲೂ, ನೂಲು ಪೋಣಿಸುವಾಗಲೂ ಕರೆಂಟ್ ಹರಿಯುತ್ತದೆ. ಸರ್ವೋ ಮೋಟಾರ್ ಹಾಗಲ್ಲ, ಪೆಡಲ್ ಒತ್ತಿದಾಗ ಮಾತ್ರ ಓಡುತ್ತದೆ. ಒಂದು ಮಿಷನ್ನಿಗೆ ಕೆಲವು ಸಾವಿರದಲ್ಲಿ ಬದಲಿಸಬಹುದು. ಮಾಮೂಲಿ ಫ್ಯಾನ್ 75 ವ್ಯಾಟ್ ತಿಂದರೆ ಬಿಎಲ್‌ಡಿಸಿ ಫ್ಯಾನಿಗೆ 30ರ ಆಸುಪಾಸು ಸಾಕು. ಇಷ್ಟು ಮಾಡಿ ಎರಡು ತಿಂಗಳು ಬಿಲ್ ನೋಡಿ. 3 ಕಿಲೋವ್ಯಾಟ್ ಬೇಕು ಅನ್ನಿಸಿದ್ದ ಜಾಗಕ್ಕೆ 2 ಸಾಕಾಗಬಹುದು, ಅಲ್ಲಿಗೇ 60 ಸಾವಿರ ಉಳಿಯಿತು. ಇಸ್ತ್ರಿಯನ್ನೂ ಸಂಜೆಗೆ ಇಟ್ಟುಕೊಳ್ಳದೆ ಹನ್ನೊಂದರಿಂದ ಎರಡರ ಒಳಗೆ ಮುಗಿಸುವ ಅಭ್ಯಾಸ ಮಾಡಿಕೊಂಡರೆ ಅದು ಬಿಸಿಲಿನ ಲೆಕ್ಕಕ್ಕೇ ಹೋಗುತ್ತದೆ.

ಕರೆಂಟ್ ಹೋದರೆ ಏನು?

ನನ್ನ ಓರಗಿತ್ತಿ ಟೈಲರಿಂಗ್ ಘಟಕ ನಡೆಸುತ್ತಾರೆ. ಸೋಲಾರ್ ಹಾಕಿಸಿದ ವಾರಕ್ಕೇ ಫೋನ್ ಬಂತು. ‘ಅಲ್ಲ ಕಣೇ, ಹೊರಗೆ ಸುಡುಬಿಸಿಲು, ಬೋರ್ಡಿನವರು ಕರೆಂಟ್ ತೆಗೆದ್ರು, ನನ್ನ ಮಿಷನ್ನೂ ನಿಂತುಹೋಯ್ತು. ಇದ್ಯಾವ ಸೋಲಾರು?’ ‘ಅಕ್ಕ, ಬ್ಯಾಟರಿ ಇದೆಯಾ?’ ಅಂದೆ. ‘ಬೇಡ ಮೇಡಂ, ಸುಮ್ಮನೆ ಖರ್ಚು ಅಂದ್ರು’ ಅಂದರು.

ಹಾಕಿದವನು ಮೋಸ ಮಾಡಿರಲಿಲ್ಲ, ಪೂರ್ತಿ ಹೇಳಿರಲಿಲ್ಲ ಅಷ್ಟೆ. ಬ್ಯಾಟರಿ ಇಲ್ಲದ ಆನ್‌ಗ್ರಿಡ್ ವ್ಯವಸ್ಥೆ ಬೋರ್ಡಿನ ಕರೆಂಟ್ ಹೋದ ತಕ್ಷಣ ತಾನೂ ನಿಲ್ಲುತ್ತದೆ. ನಿಲ್ಲಲೇಬೇಕು. ಇಲ್ಲದಿದ್ದರೆ ನಿಮ್ಮ ತಾರಸಿಯ ಕರೆಂಟ್ ಲೈನಿಗೆ ಹರಿದು, ಕಂಬ ಹತ್ತಿ ರಿಪೇರಿ ಮಾಡುತ್ತಿರುವ ಲೈನ್‌ಮನ್ ಜೀವಕ್ಕೇ ಅಪಾಯ. ಕರೆಂಟ್ ಹೋದಾಗಲೂ ಕೆಲಸ ನಡೆಯಬೇಕು ಅಂದರೆ ಬ್ಯಾಟರಿ ಸಮೇತದ ಹೈಬ್ರಿಡ್ ಬೇಕು, ಅದಕ್ಕೆ ದುಡ್ಡೂ ಹೆಚ್ಚು. ನಿಮ್ಮ ಏರಿಯಾದಲ್ಲಿ ಎಷ್ಟು ಸಲ ಕರೆಂಟ್ ಹೋಗುತ್ತದೆ, ಒಂದು ಗಂಟೆ ಮಿಷನ್ ನಿಂತರೆ ಎಷ್ಟು ನಷ್ಟ ಅನ್ನುವುದನ್ನು ನೋಡಿ ತೀರ್ಮಾನಿಸಿ. ಓರಗಿತ್ತಿಯವರು ಕೊನೆಗೆ ಎರಡು ಮಿಷನ್, ಎರಡು ಲೈಟಿಗೆ ಮಾತ್ರ ಸಣ್ಣ ಯುಪಿಎಸ್ ಇಟ್ಟುಕೊಂಡು ಸುಧಾರಿಸಿಕೊಂಡಿದ್ದಾರೆ.

ಒಂದೇ ಮಿಷನ್ ಇಟ್ಟುಕೊಂಡು ಮನೆಯಲ್ಲೇ ಹೊಲಿಯುವವರಿಗೆ ಇಷ್ಟೆಲ್ಲ ರಾಮಾಯಣ ಬೇಕಿಲ್ಲ. ಚಿಕ್ಕ ಡಿಸಿ ಮೋಟಾರ್, ಒಂದು ಪ್ಯಾನೆಲ್, ಒಂದು ಬ್ಯಾಟರಿ ಇರುವ ಸೋಲಾರ್ ಹೊಲಿಗೆ ಯಂತ್ರಗಳನ್ನು ಸೆಲ್ಕೋದಂಥ ಸಂಸ್ಥೆಗಳು ನಮ್ಮ ರಾಜ್ಯದಲ್ಲೇ ಮಾಡಿ ತೋರಿಸಿವೆ. ಅದನ್ನು ಕಟ್ಟಿದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದದ್ದು ನಿಮಗೆ ನೆನಪಿರಬಹುದು.

ಮೀಟರ್ ಯಾರ ಹೆಸರಲ್ಲಿದೆ?

ಇದನ್ನು ಗಂಡಸರು ಕೇಳುವುದಿಲ್ಲ, ನಾವೇ ಕೇಳಿಕೊಳ್ಳಬೇಕು. ದುಡಿಮೆ ನಿಮ್ಮದು, ದುಡ್ಡು ನಿಮ್ಮದು. ಕಟ್ಟಡ ಮಾವನವರ ಹೆಸರಲ್ಲಿ, ಮೀಟರ್ ತೀರಿಕೊಂಡ ಅಜ್ಜನ ಹೆಸರಲ್ಲಿ! ನೆಟ್ ಮೀಟರ್ ಬೇಕಾದರೆ ಅರ್ಜಿ, ಒಪ್ಪಂದ ಎಲ್ಲ ಆರ್‌ಆರ್ ನಂಬರ್ ಯಾರ ಹೆಸರಿನಲ್ಲಿದೆಯೋ ಅವರದ್ದೇ ಆಗಬೇಕು. ಹಾಗಾಗಿ ಮೊದಲು ಹೆಸರು ಬದಲಾವಣೆ ಮಾಡಿಸಿ. ತಾರಸಿ ಅಣ್ಣತಮ್ಮಂದಿರ ಪಾಲಿನದ್ದಾದರೆ ಅಥವಾ ಬಾಡಿಗೆ ಕಟ್ಟಡವಾದರೆ, ‘ಪ್ಯಾನೆಲ್ ಹಾಕಿಸಿದವರು ಇಂಥವರು, ಬಿಟ್ಟು ಹೋಗುವಾಗ ಬಿಚ್ಚಿಕೊಂಡು ಹೋಗಬಹುದು’ ಅಂತ ಒಂದು ಒಪ್ಪಂದ ಪತ್ರ ಮಾಡಿಸಿ ಸಹಿ ಹಾಕಿಸಿಕೊಳ್ಳಿ. ಮನೆಯವರ ಹತ್ತಿರ ಕಾಗದ ಕೇಳುವುದು ಹೇಗೆ ಅಂತ ಸಂಕೋಚ ಬೇಡ. ಪಾಲಾಗುವ ದಿನ ಕೇಳುವುದಕ್ಕಿಂತ ಈಗ ಕೇಳುವುದು ಸುಲಭ. ಕ್ಯಾಶ್ ಮೆಮೋ, ವಾರಂಟಿ ಕಾರ್ಡು, ಇನ್ವರ್ಟರ್ ಸೀರಿಯಲ್ ನಂಬರ್ ಎಲ್ಲ ನಿಮ್ಮ ಹೆಸರಲ್ಲೇ ಇರಲಿ.

ನೆಟ್ ಮೀಟರ್ ಯಾಕೆ ಬೇಕು ಅಂದರೆ, ಭಾನುವಾರ ಅಂಗಡಿ ಮುಚ್ಚಿದರೂ ಸೂರ್ಯನಿಗೆ ರಜೆ ಇಲ್ಲವಲ್ಲ! ಆ ದಿನ ಹುಟ್ಟಿದ ಕರೆಂಟ್ ಬೋರ್ಡಿಗೆ ಹೋಗಿ ನಿಮ್ಮ ಲೆಕ್ಕಕ್ಕೆ ಜಮೆ ಆಗುತ್ತದೆ. ಅದಿಲ್ಲದಿದ್ದರೆ 26 ದಿನದ್ದು ಮಾತ್ರ ಉಪಯೋಗ, ಉಳಿತಾಯ 2,184ಕ್ಕೆ ಇಳಿಯುತ್ತದೆ. ಯಾವ ಗ್ರಾಹಕರಿಗೆ ಯಾವ ರೀತಿಯ ಮೀಟರ್, ಹೆಚ್ಚುವರಿ ಯೂನಿಟ್‌ಗೆ ಎಷ್ಟು ದರ ಅನ್ನುವುದನ್ನು ವಿದ್ಯುತ್ ನಿಯಂತ್ರಣ ಆಯೋಗ ಆಗಾಗ ಬದಲಿಸುತ್ತಿರುತ್ತದೆ. ಏಜೆಂಟರ ಮಾತಲ್ಲ, ನಿಮ್ಮ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಉಪವಿಭಾಗದ ಕಚೇರಿಯಲ್ಲೇ ವಿಚಾರಿಸಿ. ಹೋಗುವಾಗ ಹಳೆಯ ಬಿಲ್ ಒಯ್ಯಿರಿ, ಅದರಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಅನ್ನುವುದೂ ಮುಖ್ಯ. ಮತ್ತೆ ‘ಬಿಲ್ ಝೀರೋ’ ಅನ್ನುವ ಆಸೆ ಬಿಟ್ಟುಬಿಡಿ. ಯೂನಿಟ್ ಸೊನ್ನೆ ಆದರೂ ನಿಗದಿತ ಶುಲ್ಕ ಬಂದೇ ಬರುತ್ತದೆ.

ಕೊಟೇಶನ್ ಮೂರು ಕಡೆಯಿಂದ ತರಿಸಿ. 2025ರ ಸೆಪ್ಟೆಂಬರ್‌ನಲ್ಲಿ ಸೋಲಾರ್ ಪ್ಯಾನೆಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ, ಹಳೆಯ ದರದ ಪಟ್ಟಿ ಹಿಡಿದು ಬಂದವರನ್ನು ಕೇಳಿ. ಆದಾಯ ತೆರಿಗೆ ಕಟ್ಟುವಷ್ಟು ದೊಡ್ಡ ವ್ಯವಹಾರವಾದರೆ ಸೋಲಾರ್ ಮೇಲೆ ಶೇ 40ರ ಸವಕಳಿ ಲೆಕ್ಕ ಹಾಕಲು ಅವಕಾಶವಿದೆ, ಆಡಿಟರ್ ಹತ್ತಿರ ಮಾತಾಡಿ.

ತಾರಸಿಗೆ ಬರೋಣ. 1 ಕಿಲೋವ್ಯಾಟ್‌ಗೆ ನೆರಳಿಲ್ಲದ ಸುಮಾರು 100 ಚದರ ಅಡಿ ಬೇಕು, ಮುಖ ದಕ್ಷಿಣಕ್ಕೆ. ಪಕ್ಕದ ತೆಂಗಿನಮರದ್ದೋ ನೀರಿನ ಟ್ಯಾಂಕಿನದ್ದೋ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೂ ಅದರ ಜೊತೆ ಜೋಡಿಸಿದ ಉಳಿದವುಗಳ ಕೆಲಸವೂ ಕುಂದಬಹುದು. ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ, ನಾಲ್ಕಕ್ಕೆ ಹೀಗೆ ಮೂರು ಹೊತ್ತು ನೀವೇ ಹತ್ತಿ ನೆರಳು ಎಲ್ಲಿ ಬೀಳುತ್ತದೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಧೂಳು ಕೂತರೆ ಕರೆಂಟ್ ಕಡಿಮೆ, ಆದ್ದರಿಂದ ಹದಿನೈದು ದಿನಕ್ಕೊಮ್ಮೆ ಬೆಳ್ಳಂಬೆಳಿಗ್ಗೆ ನೀರು ಹಾಕಿ ಮೆತ್ತನೆ ಬಟ್ಟೆಯಲ್ಲಿ ಒರೆಸಬೇಕು. ನಡುಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಎರಚಬೇಡಿ. ಬೋರ್‌ವೆಲ್ಲಿನ ಗಡಸು ನೀರಾದರೆ ಬಿಳಿ ಕಲೆ ಕೂರುತ್ತದೆ, ಒಣಗಲು ಬಿಡದೆ ಒರೆಸಿ. ಹಪ್ಪಳ-ಸಂಡಿಗೆಗೆ ಬೇಕಾದ ಮೂಲೆಯನ್ನು ಮಾತ್ರ ಅಳತೆಗೆ ಬಂದ ಇಂಜಿನಿಯರ್‌ಗೆ ಮೊದಲೇ ತೋರಿಸಿಬಿಡಿ. ಕಂಬಿ ನೆಟ್ಟು ಕಾಂಕ್ರೀಟ್ ಹಾಕಿದ ಮೇಲೆ ಅವರು ಮತ್ತೆ ಕಿತ್ತು ಸರಿಸುವುದಿಲ್ಲ.