ಪುಸ್ತಕ ಮುಚ್ಚಿ ಹೇಳಲಿ

"ಗಂಟೆಗಟ್ಟಲೆ ಓದುತ್ತಾನೆ ಉಸ್ತಾದರೇ, ಬೆಳಗಾದರೆ ಎಲ್ಲ ಮರೆಯುತ್ತಾನೆ, ದಡ್ಡ!" ಎನ್ನುವ ತಾಯಂದಿರಿದ್ದಾರೆ. ದಯವಿಟ್ಟು ಹಾಗೆನ್ನಬೇಡಿ, ಮಗು ಅದನ್ನೇ ನಂಬಿಬಿಡುತ್ತದೆ.

ಮರೆವು ಎಲ್ಲರಿಗೂ ಸಹಜ. ಜರ್ಮನಿಯ ಹರ್ಮನ್ ಎಬಿಂಗ್‌ಹಾಸ್ ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಪಾಠ ಮಾಡಿ, ಮರೆವು ಮೊದಲ ದಿನವೇ ಅತಿ ವೇಗವಾಗಿರುತ್ತದೆಂದು 1885ರಲ್ಲೇ ತೋರಿಸಿದ್ದರು. ಹಿಫ್ಝ್ ತರಗತಿಯಲ್ಲಿ ಹೊಸ ಪಾಠದೊಂದಿಗೆ ಹಳೆಯದನ್ನೂ ದಿನವೂ ಒಪ್ಪಿಸುವ ಪದ್ಧತಿ ಈ ಮರೆವಿಗೆ ಒಳ್ಳೆಯ ಮದ್ದು.

ಶಾಲೆಯ ಪಾಠಕ್ಕೂ ಹೀಗೆಯೇ ಮಾಡಿ. ಮಗ್ರಿಬ್ ಬಳಿಕ ಟಿ.ವಿ., ಮೊಬೈಲ್ ಬದಿಗಿಟ್ಟು 20 ನಿಮಿಷ ಓದಲಿ. ನಂತರ ಪುಸ್ತಕ ಮುಚ್ಚಿಸಿ, "ನನಗೂ ಹೇಳಿಕೊಡು ಮಗಾ" ಎನ್ನಿ. ರೊಟ್ಟಿ ತಟ್ಟುತ್ತಲೇ ಕೇಳಬಹುದು. ತಡವರಿಸಿದರೆ ಗದರಬೇಡಿ, ಆ ಭಾಗವನ್ನಷ್ಟೇ ಮತ್ತೆ ನೋಡಲಿ. ಮರುದಿನ ಇನ್ನೊಮ್ಮೆ ಕೇಳಿ.

ಅಕ್ಷರ ಬಾರದ ತಾಯಿಯೂ ಇಷ್ಟು ಮಾಡಬಲ್ಲಳು.